ತರಬೇತಿಯ ಲೆಕ್ಕ ಮತ್ತು ಎಂಜಲು ಲಾಳಿ

ಕಂಪನಿಗಳು ತಮ್ಮ ಮ್ಯಾನೇಜರುಗಳಿಗೆ, ನೌಕರರಿಗೆ ತರಬೇತಿ ಕೊಡಿಸುತ್ತವೆ. ಆಮೇಲೆ, ಹಾಕಿದ ದುಡ್ಡು ಗಿಟ್ಟಿತೋ ಇಲ್ಲವೋ ಅಂತ ಲೆಕ್ಕ ನೋಡುತ್ತವೆ. ಇವತ್ತಿಗೂ ಬಳಕೆಯಲ್ಲಿರುವ ಅದರ ಅಳತೆಗೋಲು, ಅಮೆರಿಕದ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲಿ ಬರೆಯತೊಡಗಿದ ಲೇಖನಗಳಿಂದ ಬಂದದ್ದು. ಅದಕ್ಕೆ ನಾಲ್ಕು ಮೆಟ್ಟಿಲು. ತರಬೇತಿ ಹಿಡಿಸಿತೆ? ಏನಾದರೂ ಕಲಿತನೆ? ಕಲಿತದ್ದು ಕೆಲಸದಲ್ಲಿ ಕಂಡಿತೆ? ಕಂಪನಿಗೆ ಏನು ಫಲ ಬಂತು?

ಪ್ರಶ್ನೆಗಳೇನೋ ಒಳ್ಳೆಯವೇ. ಆದರೆ ನಾಲ್ಕೂ ಒಳಗೆ ಕೂತವನನ್ನು ಕುರಿತ ಪ್ರಶ್ನೆಗಳು. ಬಾಗಿಲ ಹೊರಗೆ ನಿಂತವನು ಯಾವ ಮೆಟ್ಟಿಲ ಮೇಲೂ ಕಾಣುವುದಿಲ್ಲ. ಅವನು ಹೊರಗೆ ಯಾಕೆ ನಿಂತ? ಇದು ತಿಳಿಯಬೇಕಾದರೆ ಮುಂಬಯಿಯ ಬಟ್ಟೆ ಗಿರಣಿಗಳ ಚರಿತ್ರೆ ನೋಡಬೇಕು.

ಗಿರಣಿಯ ಮಗ್ಗದಲ್ಲಿ ನೂಲು ಮುಗಿದಾಗ ನೇಯುವವನು ಹೊಸ ಕಂಡಿಕೆಯನ್ನು ಲಾಳಿಗೆ ಹಾಕಿ, ಲಾಳಿಯ ಕಣ್ಣಿಗೆ ಬಾಯಿಟ್ಟು ನೂಲನ್ನು ಹೀರಿ ಎಳೆಯಬೇಕಿತ್ತು. ಅಸ್ಪೃಶ್ಯನ ಎಂಜಲು ತಾಗಿದ ಲಾಳಿಗೆ ನಾವು ಬಾಯಿ ಇಡೋದು ಹೇಗೆ ಅಂತ ಸವರ್ಣ ಕಾರ್ಮಿಕರ ತಕರಾರು. ಕೂಲಿ ಹೆಚ್ಚಿದ್ದ ನೇಯ್ಗೆ ಖಾತೆ ದಲಿತರಿಗೆ ಮುಚ್ಚಿತು. ಕೂಲಿ ಕಡಿಮೆಯ ನೂಲುವ ಖಾತೆಯೇ ಅವರಿಗೆ ಗತಿಯಾಯಿತು. ನೇಯ್ಗೆಯಂಥ ಕಸುಬನ್ನು ಬಲ್ಲವನ ಪಕ್ಕ, ಮಗ್ಗದ ಹತ್ತಿರ ನಿಂತೇ ಕಲಿಯಬೇಕು. ನಿಲ್ಲಲಿಕ್ಕೇ ಬಿಡದಿದ್ದರೆ ಕಲಿಯೋದು ಎಲ್ಲಿಂದ ಬಂತು? ಕಲಿಯಗೊಡದೆ ಇಟ್ಟವನನ್ನು ಕೆಲಸ ಬಾರದವನು ಅನ್ನೋದು ಆಮೇಲೆ ಸುಲಭ.

1928ರಲ್ಲಿ ಮುಂಬಯಿಯ ಸುಮಾರು ಒಂದೂವರೆ ಲಕ್ಷ ಗಿರಣಿ ಕಾರ್ಮಿಕರು ಆರು ತಿಂಗಳು ಮುಷ್ಕರ ಹೂಡಿದರು. ದಲಿತರಿಗೂ ನೇಯ್ಗೆ ಖಾತೆ ತೆರೆಯಬೇಕು ಅನ್ನೋದೂ ಬೇಡಿಕೆಗಳಲ್ಲಿ ಒಂದಾಗಲಿ ಎಂದು ಅಂಬೇಡ್ಕರ್ ಪಟ್ಟು ಹಿಡಿದರು. ಮುಷ್ಕರದ ಮುಖಂಡರು ಒಲ್ಲದ ಮನಸ್ಸಿನಿಂದ ಸೇರಿಸಿಕೊಂಡರು. ಈ ಅನ್ಯಾಯಕ್ಕೆ ತಾವು ಹೊಣೆಯಲ್ಲ ಎಂದು ಮಾಲೀಕರು ಕೈ ತೊಳೆದುಕೊಂಡರು. ಜೊತೆಗಾರನ ಮಡಿ, ಮಾಲೀಕನ ಜಾಣತನ, ಎರಡೂ ಸೇರಿಯೇ ಆ ಬಾಗಿಲು ಹಾಕಿದ್ದವು.

ಸ್ವಾತಂತ್ರ್ಯ ಬಂದ ಮೇಲೆ? 1961ರಲ್ಲಿ ಅಪ್ರೆಂಟಿಸ್ ಕಾಯ್ದೆ ಆಯಿತು. ಪರಿಶಿಷ್ಟ ಜಾತಿ, ಪಂಗಡದವರಿಗೆ ತರಬೇತಿಯ ಜಾಗ ಮೀಸಲಿಡುವ ಕಲಮು ಅದರೊಳಗೆ ಸೇರಿದ್ದು 1973ರಲ್ಲಿ. ಹನ್ನೆರಡು ವರ್ಷ ಬೇಕಾಯಿತು! ಅದೂ ಅಪ್ರೆಂಟಿಸರ ಮಟ್ಟಕ್ಕೆ. ಖಾಸಗಿ ಕಂಪನಿ ತನ್ನ ನೌಕರರಲ್ಲಿ ಯಾರನ್ನು ಆರಿಸಿ ಮ್ಯಾನೇಜರಿಕೆಯ ತರಬೇತಿಗೆ ಕಳಿಸುತ್ತದೆ ಅನ್ನೋದು ಇವತ್ತಿಗೂ ಮೇಲೆ ಕೂತವರ ಮರ್ಜಿ.

ಆದ್ದರಿಂದ ಗೆಳೆಯರೇ, ಫಲದ ಲೆಕ್ಕ ಹಾಕುವವರಿಗೆ ನಾವು ಮೊದಲನೆಯದಕ್ಕಿಂತ ಕೆಳಗಿನ ಒಂದು ಮೆಟ್ಟಿಲು ತೋರಿಸಬೇಕಾಗಿದೆ. ತರಬೇತಿಗೆ ಕರೆದದ್ದು ಯಾರನ್ನ್ರೀ? ಪಟ್ಟಿ ತೆಗೀರಿ, ಹೆಸರು ಓದ್ರಿ. ಕಸ ಗುಡಿಸುವವರು, ಹೊರೆ ಹೊರುವವರು, ಅವರ ಮಕ್ಕಳು ಅದರಲ್ಲಿ ಎಷ್ಟು ಮಂದಿ? ಲಾಳಿಯ ಕಾಲ ಹೋಗಿ ಕಂಪ್ಯೂಟರಿನ ಕಾಲ ಬಂದಿದೆ. ಅದಕ್ಕೆ ಯಾರೂ ಬಾಯಿ ಇಡಬೇಕಾಗಿಲ್ಲ. ಹಾಗಾದರೆ ಈಗ ಯಾವ ಎಂಜಲಿನ ಭಯ?