ಫಾರ್ಮ್ಯಾಟ್ ಹೊಡೆಯುವ ಮುಂಚೆ

"ಅಣ್ಣಾ, ಸಿಸ್ಟಮ್ ಭಾಳ ಸ್ಲೋ ಆಗೇತಿ, ಫಾರ್ಮ್ಯಾಟ್ ಹೊಡೆದುಬಿಡ್ರಿ." ದಾವಣಗೆರೆಯ ಸರಸ್ವತಿ ನಗರದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ನನಗೆ ಇದು ಹಳೇ ಪರಿಚಯದ ಮಾತು. ಬೇಡದ್ದನ್ನು ಆರಿಸಿ ತೆಗೆಯುವುದು ಕಷ್ಟವಾಗಿದ್ದಕ್ಕೇ ಎಲ್ಲವನ್ನೂ ಒಟ್ಟಿಗೆ ಅಳಿಸುವ ಈ ರೂಢಿ ಬೆಳೆಯಿತು.

ಡಾಸ್ ಕಾಲದಲ್ಲಿ ಒಂದು ಪ್ರೋಗ್ರಾಮ್ ಬಹುಮಟ್ಟಿಗೆ ಒಂದೇ ಕಡೆ ಕೂತಿರುತ್ತಿತ್ತು. 1993ರ ಡಾಸ್ 6ರಲ್ಲಿ ಬಂದ 'ಡೆಲ್‌ಟ್ರೀ' ಆಜ್ಞೆ ಕೊಟ್ಟರೆ ಆ ಫೋಲ್ಡರ್ ಒಳಗಿನದೆಲ್ಲ ಸಮೇತ ಹೋಗುತ್ತಿತ್ತು. ವಿಂಡೋಸ್‌ನಲ್ಲಿ ಹಾಗಲ್ಲ. ಡಿಎಲ್‌ಎಲ್ ಫೈಲುಗಳನ್ನು ಹಲವು ಪ್ರೋಗ್ರಾಮ್‌ಗಳು ಹಂಚಿಕೊಂಡವು, ರಿಜಿಸ್ಟ್ರಿ ಎಂಬ ಸೆಟ್ಟಿಂಗುಗಳ ದಾಖಲೆಯಲ್ಲಿ ತಮ್ಮ ತಮ್ಮ ಸಾಲು ಬರೆದಿಟ್ಟವು. ವಿಂಡೋಸ್ 95 'ಆಡ್/ರಿಮೂವ್ ಪ್ರೋಗ್ರಾಮ್ಸ್' ಪಟ್ಟಿಯನ್ನೇನೋ ಕೊಟ್ಟಿತು, ಆದರೆ ತೆಗೆಯುವುದು ಒಂದೊಂದಾಗಿ. ಮುಂದೆ ಉಚಿತ ತಂತ್ರಾಂಶಗಳ ಬೆನ್ನಿಗೆ ಟೂಲ್‌ಬಾರ್‌ಗಳು ಬಂದವು. ಹೊಸ ಲ್ಯಾಪ್‌ಟಾಪುಗಳು ಟ್ರಯಲ್ ಆಂಟಿವೈರಸ್ ತುಂಬಿಕೊಂಡೇ ಬಂದವು. ಲೆನೊವೊ ಲ್ಯಾಪ್‌ಟಾಪುಗಳಲ್ಲಿದ್ದ ಸೂಪರ್‌ಫಿಶ್ ಎಂಬ ಜಾಹೀರಾತು ತಂತ್ರಾಂಶ ಬಳಕೆದಾರರ ಭದ್ರತೆಯನ್ನೇ ಮುರಿಯುತ್ತದೆಂದು 2015ರಲ್ಲಿ ಬಯಲಾಯಿತು.

ಬಲ್ಕ್ ಕ್ರ್ಯಾಪ್ ಅನ್‌ಇನ್‌ಸ್ಟಾಲರ್‌ನಂಥ ಮುಕ್ತ ತಂತ್ರಾಂಶಗಳಿಂದ ನಮ್ಮ ಕೈಗೆ ಬಲ ಬಂತು. ಟಿಕ್ ಹಾಕಿದ್ದನ್ನೆಲ್ಲ ಸಾಲಾಗಿ ತೆಗೆದು, ಉಳಿದ ಚೂರುಗಳನ್ನೂ ಹುಡುಕಿ ತೋರಿಸುತ್ತವೆ. ಆದರೂ ಕಣ್ಣುಮುಚ್ಚಿ ನಂಬುವಂತಿಲ್ಲ. 2017ರಲ್ಲಿ ಸಿಸಿಕ್ಲೀನರ್ ಎಂಬ ಜನಪ್ರಿಯ ಸ್ವಚ್ಛಗೊಳಿಸುವ ತಂತ್ರಾಂಶದೊಳಗೇ ಹ್ಯಾಕರ್‌ಗಳು ದುಷ್ಟ ಕೋಡ್ ಸೇರಿಸಿದ್ದರು.

ನನಗೆ ಹೆಚ್ಚು ಕಾಳಜಿ ನಮ್ಮ ಡಿಟಿಪಿ ಅಂಗಡಿಗಳದ್ದು. ಯುನಿಕೋಡ್ ರೂಢಿಯಾಗುವ ಮೊದಲು ನುಡಿ, ಬರಹ, ಶ್ರೀಲಿಪಿ ಫಾಂಟುಗಳಲ್ಲಿ ಕನ್ನಡದ ಅಕ್ಷರಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂತಿದ್ದವು. ಫಾಂಟ್ ಹೋಯಿತೆಂದರೆ ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಸಂಘದ ಬೈಲಾ, ಎಲ್ಲವೂ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳ ರಾಶಿ. ಬೇರೆಡೆ ಫಾರ್ಮ್ಯಾಟ್ ಮಾಡಿಸಿಕೊಂಡು ಬಂದ ಪ್ರೆಸ್ಸಿನ ಹಿರಿಯರೊಬ್ಬರು ಪೇಜ್‌ಮೇಕರ್ ತೆರೆದು, "ತಮ್ಮಾ, ಫೈಲ್ ಅದಾವು, ಕನ್ನಡ ಎಲ್ಲಿ ಹೋತು?" ಅಂದಿದ್ದರು. "ಯಜಮಾನ್ರೇ, ಹಳೇ ಸಿಡಿ ಐತೇನ್ರಿ?" ಅಂತ ಕೇಳಿದೆ. ಮನೆಯಿಂದ ತಂದರು. ಅದರೊಳಗಿನ ಫಾಂಟ್ ಹಾಕಿದ ಮೇಲೆ ಅಕ್ಷರಗಳು ಮೂಡಿದವು. ಸಿಡಿ ಸಿಗದಿದ್ದರೆ ವರ್ಷಗಟ್ಟಲೆ ಕೂತು ಟೈಪ್ ಮಾಡಿದ್ದನ್ನು ಅವರೇ ಓದಲಾರದೆ ಹೋಗುತ್ತಿದ್ದರು. ಇಂಥ ನಷ್ಟವನ್ನು ವೇಗದ ಹೆಸರಲ್ಲಿ ಒಪ್ಪಿಕೊಳ್ಳುವುದು ನನ್ನಿಂದ ಆಗದು.

ಹಾಗಾಗಿ ಮೊದಲು ಫಾಂಟ್ಸ್ ಫೋಲ್ಡರ್ ಪೂರ್ತಿ ಪೆನ್‌ಡ್ರೈವ್‌ಗೆ ಹಾಕಿಕೊಳ್ಳುತ್ತೇನೆ. ಪ್ರೋಗ್ರಾಮ್ ಪಟ್ಟಿಯನ್ನು ಪ್ರಿಂಟ್ ತೆಗೆದು ಕೊಟ್ಟು, ಬೇಕಾದ್ದಕ್ಕೆ ಗ್ರಾಹಕರ ಕೈಯಿಂದಲೇ ಗುರುತು ಹಾಕಿಸಿ, ಮಿಕ್ಕಿದ್ದಕ್ಕಷ್ಟೇ ಟಿಕ್ ಹಾಕುತ್ತೇನೆ.