ಸೇವಕನ ಹೆಸರು ಯಾವ ಪುಸ್ತಕದಲ್ಲಿದೆ?

ಕುಮಟಾದಿಂದ ಹೊನ್ನಾವರದ ಮಾರ್ಗವಾಗಿ ಭಟ್ಕಳಕ್ಕೆ ಸಾಗುವ ಹೆದ್ದಾರಿಯ ಬದಿಯಲ್ಲಿ ಯಾವುದಾದರೂ ಔಷಧದ ಅಂಗಡಿಯೊಳಗೆ ಕಾಲಿಟ್ಟರೆ, ಗೋಡೆಯ ಮೇಲೆ ಗಾಜಿನ ಚೌಕಟ್ಟಿನಲ್ಲಿ ಒಂದು ಪ್ರಮಾಣಪತ್ರ ತೂಗುತ್ತಿರುತ್ತದೆ. 1948ರ ಫಾರ್ಮಸಿ ಕಾಯಿದೆಯಂತೆ ಅಲ್ಲಿಯ ಔಷಧ ವಿತರಕನ ಹೆಸರು ಒಂದು ಪುಸ್ತಕದಲ್ಲಿ ದಾಖಲಾಗಿದೆ ಎಂಬುದಕ್ಕೆ ಅದು ಸಾಕ್ಷಿ. ನ್ಯಾಯಾಲಯದ ಆವರಣದಲ್ಲಿ ಕರಿಯ ಕೋಟು ತೊಟ್ಟು ನಿಂತವರ ಹೆಸರು 1961ರ ವಕೀಲರ ಕಾಯಿದೆಯಂತೆ ವಕೀಲರ ಪರಿಷತ್ತಿನ ಪಟ್ಟಿಯಲ್ಲಿದೆ. ಆಸ್ಪತ್ರೆಯ ದಾದಿಯ ಹೆಸರು ಶುಶ್ರೂಷಾ ಪರಿಷತ್ತಿನ ಪುಸ್ತಕದಲ್ಲಿದೆ. ಯಾಜಕರಾದ ನಾವೂ ಇದಕ್ಕೆ ಹೊರತಲ್ಲ. ಪರಿಚಯವಿಲ್ಲದ ಊರಿನ ದೇವಾಲಯದಲ್ಲಿ ಬಲಿಪೂಜೆ ಅರ್ಪಿಸಬೇಕಾದರೆ ನಮ್ಮ ಧರ್ಮಾಧ್ಯಕ್ಷರು ಕೊಟ್ಟ ಪತ್ರವನ್ನು ತೋರಿಸಬೇಕೆಂದು ಧರ್ಮಸಭೆಯ ಕಾನೂನೇ ಹೇಳುತ್ತದೆ. ಆದರೆ ‘ನಾನು ಸಮಾಜ ಸೇವಕ’ ಎಂದು ಹೇಳಿಕೊಂಡು ಮನೆಬಾಗಿಲಿಗೆ ಬರುವವರ ಹೆಸರು ಯಾವ ಪುಸ್ತಕದಲ್ಲಿದೆ?

ಈ ಪ್ರಶ್ನೆಯನ್ನು ನನ್ನ ಮುಂದಿಟ್ಟವಳು ಓರ್ವ ವಿಧವೆ. ಹಲವು ವರ್ಷಗಳ ಹಿಂದೆ ನಾನು ಹೊನ್ನಾವರ ತಾಲೂಕಿನ ಒಂದು ಧರ್ಮಕೇಂದ್ರದಲ್ಲಿದ್ದಾಗ ಆಕೆಯ ಪತಿ ಸಮುದ್ರದ ಪಾಲಾಗಿದ್ದ. ಪರಿಹಾರ ಧನ ಕೊಡಿಸುತ್ತೇನೆಂದು ಒಬ್ಬ ವ್ಯಕ್ತಿ ಬಂದ. ಅವನ ವಿಸಿಟಿಂಗ್ ಕಾರ್ಡಿನ ಮೇಲೆ ಬಂಗಾರದ ಬಣ್ಣದಲ್ಲಿ ‘ಸಮಾಜ ಸೇವಕರು’ ಎಂದು ಅಚ್ಚಾಗಿತ್ತು. ಎರಡು ಮಧ್ಯಾಹ್ನ ಜಗಲಿಯ ಮೇಲೆ ಕುಳಿತು ಆತ ಆ ಮನೆಯ ಕಥೆಯನ್ನೆಲ್ಲ ಕೇಳಿ ಬರೆದುಕೊಂಡ. ಗಂಡನ ಸಾಲ, ಮೈದುನನ ಜಗಳ, ಮಗಳಿಗೆ ಗೊತ್ತಾಗಿದ್ದ ಸಂಬಂಧ ಮುರಿದುಬಿದ್ದ ಕಾರಣ, ಎಲ್ಲವನ್ನೂ. ಪಡಿತರ ಚೀಟಿಯನ್ನೂ ಮರಣ ಪ್ರಮಾಣಪತ್ರವನ್ನೂ ಒಯ್ದ. ಪರಿಹಾರವಂತೂ ಬರಲಿಲ್ಲ, ಮಗಳ ವಿಷಯ ಮಾತ್ರ ತಿಂಗಳೊಳಗೆ ಮೀನು ಮಾರುಕಟ್ಟೆಯ ಮಾತಾಯಿತು. ಕಾಗದಪತ್ರಗಳು ಮಳೆಗಾಲ ಕಳೆದ ಮೇಲೆ ಹಿಂದಿರುಗಿದವು. ಏನೂ ಕಳುವಾಗಿಲ್ಲವಾದ್ದರಿಂದ ಪೊಲೀಸರಿಗೆ ಅದು ಅಪರಾಧವಾಗಿ ಕಾಣಲಿಲ್ಲ. ನನ್ನ ಪರಿಚಯದ ವಕೀಲರೊಬ್ಬರನ್ನು ವಿಚಾರಿಸಿದೆ. ‘ನನ್ನ ಮೇಲೆ ದೂರಿದ್ದರೆ ನಮ್ಮ ಪರಿಷತ್ತಿಗೆ ಬರೆಯಬಹುದು ಫಾದರ್, ಅವನ ಮೇಲೆ ಯಾರಿಗೆ ಬರೆಯುತ್ತೀರಿ?’ ಎಂದರು ಅವರು. ಅಂದಿನಿಂದ ಈ ವಿಷಯವನ್ನು ಓದುತ್ತ ಬಂದಿದ್ದೇನೆ.

ಹಿಂದಿನ ಕಾಲದ ಸೇವಕರಿಗೆ ಪಟ್ಟಿ ಇರಲಿಲ್ಲ, ವ್ರತವಿತ್ತು. 1905ರ ಜೂನ್ 12ರಂದು ಗೋಪಾಲಕೃಷ್ಣ ಗೋಖಲೆಯವರು ಪುಣೆಯಲ್ಲಿ ಸರ್ವೆಂಟ್ಸ್ ಆಫ್ ಇಂಡಿಯಾ ಸೊಸೈಟಿಯನ್ನು ಸ್ಥಾಪಿಸಿದರು. ಅದನ್ನು ಸೇರುವವರು ಏಳು ಪ್ರತಿಜ್ಞೆಗಳನ್ನು ಸ್ವೀಕರಿಸಬೇಕಾಗಿತ್ತು. ದೇಶಸೇವೆಯಿಂದ ಸ್ವಂತ ಲಾಭ ಬಯಸಬಾರದು, ಸಂಸ್ಥೆ ಕೊಟ್ಟಷ್ಟರಲ್ಲಿ ಸಂಸಾರ ನಡೆಸಿಕೊಂಡು ತೃಪ್ತರಾಗಿರಬೇಕು, ಜಾತಿಮತ ನೋಡದೆ ಎಲ್ಲರ ಹಿತಕ್ಕೆ ದುಡಿಯಬೇಕು, ಯಾರೊಡನೆಯೂ ವೈಯಕ್ತಿಕ ಜಗಳ ಸಲ್ಲದು ಎಂಬಂತಹವು ಅವು. ಜೊತೆಗೆ ಐದು ವರ್ಷಗಳ ತರಬೇತಿ. ಗುರುಮಠದಲ್ಲಿ ಬೆಳೆದ ನನಗೆ ಆ ನಿಯಮಾವಳಿಯನ್ನು ಮೊದಲ ಬಾರಿ ಓದಿದಾಗ ನಮ್ಮದೇ ಯಾವುದೋ ಸನ್ಯಾಸ ಸಭೆಯ ಕಟ್ಟಳೆಯಂತೆ ಕಂಡಿತು. ತಪ್ಪಿ ನಡೆದವನನ್ನು ಕೇಳುವವರು ಅಲ್ಲಿದ್ದರು.

ನಮ್ಮ ಜಿಲ್ಲೆಗೂ ಆ ಸಂಸ್ಥೆಗೂ ಹತ್ತಿರದ ನಂಟಿದೆ. ಕುಮಟಾದ ನೆರೆಯ ಅಂಕೋಲೆಯ ದಿನಕರ ದೇಸಾಯಿಯವರು (1909–1982) ಅದರ ಸದಸ್ಯರಾಗಿದ್ದರು. ನಾಡಿಗೆಲ್ಲ ಅವರು ಚುಟುಕಗಳ ಕವಿ. ನಮ್ಮ ಗೇಣಿದಾರರಿಗೆ ಮಾತ್ರ ಅವರು ಧಣಿಗಳೆದುರು ತಲೆಯೆತ್ತಿ ನಿಲ್ಲಲು ಕಲಿಸಿದವರು. ಆ ಅಪರಾಧಕ್ಕಾಗಿ ಬ್ರಿಟಿಷ್ ಸರಕಾರ ಅವರನ್ನು ತವರು ಜಿಲ್ಲೆಯಿಂದಲೇ ಗಡೀಪಾರು ಮಾಡಿತ್ತು. 1953ರಲ್ಲಿ ಅವರು ಸ್ಥಾಪಿಸಿದ ಕೆನರಾ ವೆಲ್‌ಫೇರ್ ಟ್ರಸ್ಟ್ ಶಾಲೆಗಳಿಲ್ಲದ ಊರುಗಳಿಗೆ ಶಾಲೆಗಳನ್ನು ತಂದಿತು. 1967ರಲ್ಲಿ ಜನರು ಅವರನ್ನು ಲೋಕಸಭೆಗೆ ಕಳುಹಿಸಿದರು. ಸಮಾಜಕಾರ್ಯವೆಂಬ ವಿಷಯದಲ್ಲಿ ಅವರಿಗೆ ಪದವಿಯಿರಲಿಲ್ಲ. ಅವರನ್ನು ‘ನಿಮ್ಮ ನೋಂದಣಿ ಸಂಖ್ಯೆ ಎಷ್ಟು?’ ಎಂದು ಕೇಳುವ ಅಧಿಕಾರಿಯನ್ನು ಕಲ್ಪಿಸಿಕೊಂಡರೆ ನಗು ಬರುತ್ತದೆ.

ಅಷ್ಟರಲ್ಲಿ ಮುಂಬಯಿಯಲ್ಲಿ ಬೇರೊಂದು ದಾರಿ ತೆರೆದುಕೊಂಡಿತ್ತು. ನಾಗಪಾಡಾದ ಬಡಜನರ ನಡುವೆ ದುಡಿಯುತ್ತಿದ್ದ ಅಮೆರಿಕದ ಮಿಶನರಿ ಕ್ಲಿಫರ್ಡ್ ಮನ್‌ಶಾರ್ಟ್ ಅವರ ನಿರ್ದೇಶನದಲ್ಲಿ 1936ರಲ್ಲಿ ಸರ್ ದೊರಾಬ್ಜಿ ಟಾಟಾ ಹೆಸರಿನ ಸಮಾಜಕಾರ್ಯ ಶಾಲೆ ಆರಂಭವಾಯಿತು. ಇಂದಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಅದೇ. ಒಳ್ಳೆಯ ಮನಸ್ಸೊಂದೇ ಸಾಲದು, ಬಡವನ ಬದುಕಿನಲ್ಲಿ ಕೈಯಿಡುವವನು ಮೊದಲು ಕಲಿಯಬೇಕು ಎಂಬುದು ಅದರ ನಂಬಿಕೆ. 1955ರಲ್ಲಿ ‘ಮೇರಿಯ ಹೃದಯದ ಪುತ್ರಿಯರು’ ಸಭೆಯವರು ಮುಂಬಯಿಯಲ್ಲಿ ನಿರ್ಮಲಾ ನಿಕೇತನವನ್ನೂ 1960ರಲ್ಲಿ ಮಂಗಳೂರಿನಲ್ಲಿ ರೋಶನಿ ನಿಲಯವನ್ನೂ ತೆರೆದರು. ರೋಶನಿ ನಿಲಯದಲ್ಲೋ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲೋ ಎಂ.ಎಸ್.ಡಬ್ಲ್ಯೂ. ಓದಿದ ಮಕ್ಕಳು ನಮ್ಮ ಮೂರೂ ತಾಲೂಕುಗಳಲ್ಲಿದ್ದಾರೆ. ಕನ್ನಡದ ಪ್ರಾಧ್ಯಾಪಕರು ಒಂದು ಸೂಕ್ಷ್ಮವನ್ನು ಬಹಳ ಹಿಂದೆಯೇ ಗಮನಿಸಿದರು. ದಾನಧರ್ಮದ ಕೆಲಸಕ್ಕೆ ‘ಸಮಾಜ ಸೇವೆ’ ಎಂಬ ಹಳೆಯ ಮಾತನ್ನು ಬಿಟ್ಟುಕೊಟ್ಟು, ಕಲಿತು ಮಾಡುವ ವೃತ್ತಿಗೆ ‘ಸಮಾಜಕಾರ್ಯ’ ಎಂದು ಹೆಸರಿಟ್ಟರು. ಭಾಷೆ ಮಾಡಿದ ಈ ವಿಂಗಡಣೆಯನ್ನು ಕಾನೂನು ಮಾಡಲಿಲ್ಲ.

ಕಾನೂನು ನೋಂದಾಯಿಸಿದ್ದು ಸಂಸ್ಥೆಗಳನ್ನು. 1860ರ ಸಂಘಗಳ ನೋಂದಣಿ ಕಾಯಿದೆ, ಕರ್ನಾಟಕದ 1960ರ ಕಾಯಿದೆ, ವಿದೇಶಿ ದೇಣಿಗೆಯ ಕುರಿತ 1976 ಮತ್ತು 2010ರ ಕಾಯಿದೆಗಳು, ಎಲ್ಲವೂ ಸಂಘದ ಲೆಕ್ಕಪತ್ರವನ್ನು ಕೇಳುತ್ತವೆ. ಕೌಟುಂಬಿಕ ದೌರ್ಜನ್ಯ ತಡೆಯುವ 2005ರ ಕಾಯಿದೆಯೂ ಸೇವೆ ನೀಡುವ ಸಂಸ್ಥೆ ನೋಂದಣಿಯಾಗಿರಬೇಕು ಎನ್ನುತ್ತದೆ. ಆ ಸಂಸ್ಥೆಯ ಪರವಾಗಿ ಹೆಣ್ಣುಮಗಳ ಎದುರು ಕುಳಿತು ಅವಳ ಕಣ್ಣೀರಿನ ಕಥೆ ಕೇಳುವ ವ್ಯಕ್ತಿಯ ಹೆಸರನ್ನು ಬರೆದುಕೊಳ್ಳುವ ಪರಿಷತ್ತನ್ನು ಯಾರೂ ಕಟ್ಟಲಿಲ್ಲ. 1990ರ ದಶಕದಲ್ಲಿ ಅಂತಹ ಒಂದು ರಾಷ್ಟ್ರೀಯ ಪರಿಷತ್ತಿಗಾಗಿ ಕರಡು ಮಸೂದೆ ಸಿದ್ಧವಾಯಿತು, ಕಾಯಿದೆಯಾಗಲಿಲ್ಲ.

ಇದರ ವಿಚಿತ್ರವನ್ನು ನೋಡಬೇಕಾದರೆ ಬಾಲ ನ್ಯಾಯ ಮಂಡಳಿಯತ್ತ ಹೊರಳಬೇಕು. ತಪ್ಪು ಮಾಡಿದ ಬಾಲಕನ ವಿಚಾರಣೆಯಲ್ಲಿ ಮ್ಯಾಜಿಸ್ಟ್ರೇಟರ ಪಕ್ಕದಲ್ಲಿ ಇಬ್ಬರು ಸಮಾಜ ಕಾರ್ಯಕರ್ತರು, ಅವರಲ್ಲಿ ಒಬ್ಬರಾದರೂ ಮಹಿಳೆ, ಕುಳಿತು ತೀರ್ಪಿನಲ್ಲಿ ಪಾಲುಗೊಳ್ಳುತ್ತಾರೆ. 2000ದ ಕಾಯಿದೆಯೂ 2015ರ ಕಾಯಿದೆಯೂ ಇದನ್ನೇ ಹೇಳುತ್ತವೆ. ಅವರ ಅರ್ಹತೆಯೇನು? ಮಕ್ಕಳ ಆರೋಗ್ಯ, ಶಿಕ್ಷಣ ಅಥವಾ ಕಲ್ಯಾಣ ಕ್ಷೇತ್ರದಲ್ಲಿ ಏಳು ವರ್ಷಗಳ ದುಡಿಮೆ. ಇಲ್ಲವೇ, 2015ರ ಕಾಯಿದೆಯಂತೆ, ಮಕ್ಕಳ ಮನಶ್ಶಾಸ್ತ್ರ, ಮನೋವೈದ್ಯಶಾಸ್ತ್ರ, ಸಮಾಜಶಾಸ್ತ್ರ ಅಥವಾ ಕಾನೂನಿನ ಪದವಿ ಪಡೆದ ವೃತ್ತಿನಿರತರು. ಸಮಾಜ ಕಾರ್ಯಕರ್ತನೆಂದೇ ಕರೆಯುವ ಆ ಪೀಠದ ಅರ್ಹತೆಗಳ ಪಟ್ಟಿಯಲ್ಲಿ ಸಮಾಜಕಾರ್ಯದ ಪದವಿಗೆ ಜಾಗ ಸಿಗಲಿಲ್ಲ! ಮಕ್ಕಳ ಕಲ್ಯಾಣ ಸಮಿತಿಯ ಅರ್ಹತೆಗಳಲ್ಲಿ ಆ ಪದವಿಯ ಹೆಸರಿದೆ.

ಮೊದಲು ಬಾಗಿಲು ತೆರೆದದ್ದು ಆಸ್ಪತ್ರೆಗಳ ಕಡೆಯಿಂದ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಮನೋರೋಗಿಗಳ ನಡುವೆ ದುಡಿಯುವ ಸಮಾಜ ಕಾರ್ಯಕರ್ತರಿಗೆ ಸ್ನಾತಕೋತ್ತರ ಪದವಿಯ ಮೇಲೆ ಎರಡು ವರ್ಷಗಳ ಎಂ.ಫಿಲ್. ತರಬೇತಿಯನ್ನು ವಿಧಿಸಿ, ರಾಜ್ಯ ಪ್ರಾಧಿಕಾರ ಅವರ ಹೆಸರನ್ನು ನೋಂದಾಯಿಸಬೇಕೆಂದಿತು. ಬೆಂಗಳೂರಿನ ನಿಮ್ಹಾನ್ಸ್ ದಶಕಗಳಿಂದ ಇಂತಹವರನ್ನು ತಯಾರು ಮಾಡುತ್ತ ಬಂದಿದೆ. 2021ರಲ್ಲಿ ಸಂಸತ್ತು ಅಂಗೀಕರಿಸಿದ ಸಹವರ್ತಿ ಮತ್ತು ಆರೋಗ್ಯ ರಕ್ಷಣಾ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯಿದೆಯ ಅನುಸೂಚಿಯಲ್ಲಿ ವೈದ್ಯಕೀಯ ಮತ್ತು ಮನೋವೈದ್ಯಕೀಯ ಸಮಾಜ ಕಾರ್ಯಕರ್ತರ ಹೆಸರೂ ಇದೆ. ಕೇಂದ್ರದ ಪುಸ್ತಕ, ರಾಜ್ಯದ ಪುಸ್ತಕ, ತಪ್ಪಿದವರ ಹೆಸರನ್ನು ತೆಗೆದುಹಾಕುವ ಅಧಿಕಾರ, ಎಲ್ಲವನ್ನೂ ಅದು ಒದಗಿಸಿದೆ. ಆದರೆ ಅದು ಆರೋಗ್ಯದ ಕಾಯಿದೆ. ಶಾಲೆ, ಸೆರೆಮನೆ, ಮೀನುಗಾರರ ಕೇರಿ ಇವುಗಳಲ್ಲಿ ದುಡಿಯುವವರನ್ನು ಕಣ್ಣಮುಂದಿಟ್ಟುಕೊಂಡು ರಚಿಸಿದ್ದಲ್ಲ.

ಬೇರೆ ದೇಶಗಳು ಈ ಕೆಲಸವನ್ನು ಎಂದೋ ಮಾಡಿವೆ. ನಮ್ಮಂತೆಯೇ ಬಡತನವನ್ನೂ ಕಡಲನ್ನೂ ಬಲ್ಲ ಫಿಲಿಪ್ಪೀನ್ಸ್ 1965ರಲ್ಲೇ ಕಾಯಿದೆ ಮಾಡಿ, ಪರೀಕ್ಷೆ ಮತ್ತು ನೋಂದಣಿಯನ್ನು ಕಡ್ಡಾಯಗೊಳಿಸಿತು. ಇಂಗ್ಲೆಂಡಿನಲ್ಲಿ 2005ರ ಏಪ್ರಿಲ್‌ನಿಂದ ನೋಂದಣಿಯಿಲ್ಲದವರು ಆ ಹೆಸರನ್ನು ಹೇಳಿಕೊಳ್ಳುವಂತಿಲ್ಲ. ನ್ಯೂಜಿಲೆಂಡ್ 2003ರಲ್ಲಿ ಕಾಯಿದೆ ಮಾಡಿದರೂ ನೋಂದಣಿಯನ್ನು ಐಚ್ಛಿಕವಾಗಿ ಬಿಟ್ಟಿತು. ಕೊನೆಗೆ 2021ರಲ್ಲಿ ಕಡ್ಡಾಯ ಮಾಡಬೇಕಾಯಿತು. ಮಂಗಳೂರಿನಲ್ಲಿ ಓದಿದ ಕುಮಟಾದ ಹುಡುಗಿ ಈ ಕೆಲಸಕ್ಕಾಗಿ ಇಂಗ್ಲೆಂಡಿಗೆ ಹೋದರೆ ಅಲ್ಲಿಯ ಪುಸ್ತಕದಲ್ಲಿ ಹೆಸರು ಬರೆಸಿಕೊಳ್ಳಲೇಬೇಕು. ಭಟ್ಕಳದ ಒಂದು ಕೇರಿಯಲ್ಲಿ ಅದೇ ಕೆಲಸ ಮಾಡಲು ವಿಸಿಟಿಂಗ್ ಕಾರ್ಡೊಂದೇ ಸಾಕು.

ನೋಂದಣಿಗೆ ಆಕ್ಷೇಪಗಳೂ ಇವೆ. ಅವನ್ನು ನಾನು ಹಗುರವಾಗಿ ಕಾಣುವುದಿಲ್ಲ. ದಿನಕರ ದೇಸಾಯಿಯವರಂಥವರನ್ನು ಹೊರಗಿಡುವ ಕಾಯಿದೆ ನಮಗೆ ಬೇಕೆ? ಹೆರಿಗೆಯ ರಾತ್ರಿ ನೆರೆಮನೆಗೆ ಓಡುವ ಅಜ್ಜಿಯರನ್ನೂ, ಸ್ವಸಹಾಯ ಸಂಘದ ಹೆಂಗಸರನ್ನೂ, ನಮ್ಮ ವಿನ್ಸೆಂಟ್ ಪಾವ್ಲ್ ಸಭೆಯ ಸದಸ್ಯರನ್ನೂ ಪರೀಕ್ಷೆಗೆ ಕೂರಿಸುವುದೆ? ಸರಕಾರಕ್ಕೆ ಒಲ್ಲದವರ ಹೆಸರನ್ನು ಅಳಿಸಲು ಅದೇ ಪುಸ್ತಕ ಉಪಯೋಗವಾದರೆ? ಗಡೀಪಾರಿನ ಕಥೆಯನ್ನು ಬಲ್ಲ ಜಿಲ್ಲೆಯವರಿಗೆ ಈ ಭಯ ಕಾಲ್ಪನಿಕವೆನಿಸದು. ಆದರೂ ನನ್ನ ಅಭಿಪ್ರಾಯ ಇದು: ಸೇವೆ ಎಲ್ಲರಿಗೂ ತೆರೆದಿರಲಿ. ವೃತ್ತಿಯ ಹೆಸರು ಹೇಳಿ, ಮನೆಯ ಗುಟ್ಟನ್ನು ಕೇಳಿ, ಬರೆದುಕೊಂಡು, ಮಗುವಿನ ಅಥವಾ ರೋಗಿಯ ಬಾಳಿನ ಬಗ್ಗೆ ವರದಿ ಕೊಡುವವನು ಮಾತ್ರ ಒಂದು ಪುಸ್ತಕಕ್ಕೆ ಉತ್ತರ ಕೊಡಬೇಕು. ಪಾಪನಿವೇದನೆಯಲ್ಲಿ ಕೇಳಿದ್ದನ್ನು ಹೊರಗೆಡಹಿದ ಯಾಜಕನನ್ನು ಧರ್ಮಸಭೆ ಅತ್ಯಂತ ಕಠಿಣವಾಗಿ ದಂಡಿಸುತ್ತದೆ. ಆ ಜಗಲಿಯಲ್ಲಿ ಕೇಳಿದ್ದನ್ನು ಹೊರಗೆಡಹಿದವನನ್ನು ಕರೆದು ವಿಚಾರಿಸುವವರೂ ಇರಲಿಲ್ಲ.

ಆ ತಾಯಿಯ ಪರಿಹಾರ ಧನ ಎರಡು ವರ್ಷಗಳ ತರುವಾಯ ಬಂತು. ಅರ್ಜಿಯನ್ನು ಹೊಸದಾಗಿ ಬರೆದುಕೊಟ್ಟವರು ನಿವೃತ್ತ ಶಾಲಾ ಶಿಕ್ಷಕರೊಬ್ಬರು. ಮನೆಯ ವಿಷಯ ಒಂದನ್ನೂ ಅವರು ಕೇಳಲಿಲ್ಲ. ಗಂಡನ ಹೆಸರು, ದೋಣಿಯ ಸಂಖ್ಯೆ, ತಾರೀಖು ಇಷ್ಟನ್ನೇ ಕೇಳಿದರು ಎಂದು ಆಕೆ ನನಗೆ ಹೇಳಿದಳು.