ಸೂಳೆಕೆರೆಯೂ ಸೊನ್ನಲಿಗೆಯ ಕೆರೆಯೂ

ಚನ್ನಗಿರಿ ಸೀಮೆಯ ಇತಿಹಾಸವನ್ನು ಬರೆಯಹೊರಟವರು ಕೋಟೆಯಿಂದ ಆರಂಭಿಸುವುದು ವಾಡಿಕೆ. ಕೆಳದಿಯ ಚೆನ್ನಮ್ಮಾಜಿಯು (೧೬೭೧–೧೬೯೭) ಆಳಿದ ಕಾಲವನ್ನೂ, ಆಕೆಯ ಹೆಸರೇ ಊರಿಗೆ ನಿಂತಿತೆಂಬುದನ್ನೂ ಹೇಳಿ, ಸಂತೆಬೆನ್ನೂರಿನ ಪುಷ್ಕರಣಿಯನ್ನು ಹೊಗಳಿ, ಅಲ್ಲಿಗೆ ಲೇಖನಿಯನ್ನು ಕೆಳಗಿಡುವರು. ಅವೆಲ್ಲವೂ ನಿಜವೇ. ಆದರೆ ಈ ಸೀಮೆಯಲ್ಲಿ ಶಿವಭಕ್ತಿಯ ಕಥೆಗಳು ಹೇಗೆ ಬೇರೂರಿದುವೆಂಬುದನ್ನು ತಿಳಿಯಬೇಕಾದವರು ಕೋಟೆಯ ಬಾಗಿಲನ್ನು ಬಿಟ್ಟು ಸೂಳೆಕೆರೆಯ ಏರಿಯ ಮೇಲೆ ಹೋಗಿ ನಿಲ್ಲುವುದು ಮೇಲು.

ಎರಡು ಗುಡ್ಡಗಳ ನಡುವಣ ಕಣಿವೆಗೆ ಅಡ್ಡವಾಗಿ ಏರಿಯನ್ನು ಹಾಕಿ ಹರಿದ್ರಾ ಎಂಬ ಹಳ್ಳವನ್ನು ತಡೆದು ನಿಲ್ಲಿಸಿದ ಜಲಾಶಯವಿದು. ಏರಿಯು ಉದ್ದವಾದುದಲ್ಲ, ಹಿಂದೆ ನಿಂತ ನೀರು ಮಾತ್ರ ಕಣ್ಣು ಹಾಯುವಷ್ಟು ದೂರಕ್ಕೂ ಹರಡಿದೆ. ಮೈಸೂರು ಗೆಜೆಟಿಯರನ್ನು ರಚಿಸಿದ ಲೂಯಿ ರೈಸನು ಇದರ ಸುತ್ತಳತೆಯನ್ನು ೪೦ ಮೈಲಿಯೆಂದು ಬರೆದಿರುವನು. ಹನ್ನೊಂದು ಹನ್ನೆರಡನೆಯ ಶತಮಾನಗಳ ಕಾಲದ ಕಟ್ಟಡವೆಂಬುದು ಪರಂಪರೆಯ ನಂಬಿಕೆ. ಕೆರೆಯ ಮಗ್ಗುಲಿನಲ್ಲಿ ಸಿದ್ಧೇಶ್ವರನ ಗುಡಿಯಿದೆ. ಗದ್ದೆಗಳಿಗೆ ನೀರನ್ನೊಯ್ಯುವ ನಾಲೆಗಳೆರಡು: ಒಂದು ಸಿದ್ಧ, ಇನ್ನೊಂದು ಬಸವ. ಈ ಹೆಸರುಗಳು ಸೊನ್ನಲಿಗೆಯ ಸಿದ್ಧರಾಮನಿಂದಲೂ ಕಲ್ಯಾಣದ ಬಸವಣ್ಣನಿಂದಲೂ ಬಂದವೆಂದು ಸಾಧಿಸಹೊರಡುವುದು ಸಲ್ಲದು. ಬಸವನೆಂದರೆ ನಮ್ಮ ಒಕ್ಕಲಮಕ್ಕಳಿಗೆ ಗುಡಿಯ ಮುಂದಣ ನಂದಿಯೂ ಹೌದು, ಕೊಟ್ಟಿಗೆಯ ಎತ್ತೂ ಹೌದು. ಹಾಗಿದ್ದರೂ ನೀರು ಹರಿಯುವ ದಾರಿಗೆ ಈ ಹೆಸರುಗಳನ್ನೇ ಇಟ್ಟ ಜನರ ಮನಸ್ಸಿನಲ್ಲಿ ಕೆರೆಯೂ ಶಿವನೂ ದೂರದೂರವಾಗಿರಲಿಲ್ಲವೆಂಬುದಂತೂ ಸ್ಪಷ್ಟ.

ಕೆರೆಯನ್ನು ಕುರಿತ ಕಥೆಯು ಜನರ ಬಾಯಲ್ಲಿ ಒಂದೇ ರೂಪವಾಗಿಲ್ಲ. ರೈಸನು ಕೇಳಿ ಬರೆದುಕೊಂಡ ಪ್ರಕಾರ, ರಾಜಕುಮಾರಿಯೊಬ್ಬಳು ಯಾವನೋ ದೇವತಾಪುರುಷನಿಗೆ ಒಲಿದಳು. ಆ ದೋಷದ ಪರಿಹಾರಕ್ಕಾಗಿ ಕೆರೆಯನ್ನು ಕಟ್ಟಿಸಿದಳು. ಕೆರೆಯ ನೀರಿನಲ್ಲಿ ತಂದೆಯ ಪಟ್ಟಣವೇ ಮುಳುಗಿಹೋಗಲು ಅವನು ಮಗಳನ್ನು ಸೂಳೆಯೆಂದು ಶಪಿಸಿದನು. ಆ ಬೈಗುಳವೇ ಕೆರೆಗೆ ಹೆಸರಾಯಿತು. ಇನ್ನೊಂದು ಪಾಠದಲ್ಲಿ ಆಕೆಯ ಹೆಸರು ಶಾಂತವ್ವ, ಮುಳುಗಿದ ಊರು ಸ್ವರ್ಗಾವತಿ. ಆಕೆಯು ಒಲಿದವನು ಸಿದ್ಧೇಶ. ಕೆರೆಗೆ ತಕ್ಕುದೆಂದು ಆಕೆ ಆರಿಸಿದ ನೆಲವು ಸೂಳೆಯರಿಗೆ ಸೇರಿತ್ತು. ಅವರು ನೆಲಕ್ಕೆ ಬದಲಾಗಿ ಕೇಳಿದುದು ತಮ್ಮ ಹೆಸರು ಆ ಕೆರೆಗೆ ನಿಲ್ಲಬೇಕೆಂಬುದೊಂದನ್ನೇ. ರಾಜಕುಮಾರಿಯು ಒಪ್ಪಿದಳು.

ಎರಡು ಪಾಠಗಳಿಗೂ ಇರುವ ಅಂತರವು ಅಲ್ಪವಲ್ಲ. ಮೊದಲನೆಯದರಲ್ಲಿ ಹೆಸರು ತಂದೆಯ ಶಾಪ. ಎರಡನೆಯದರಲ್ಲಿ ಅದು ದಾನಕ್ಕೆ ಪ್ರತಿಯಾಗಿ ಕೊಟ್ಟ ಭಾಷೆ. ಕಥೆಯನ್ನು ಕಥೆಯಾಗಿಯೇ ತೆಗೆದುಕೊಂಡರೂ, ಯಾವ ಪಾಠವನ್ನು ನಾವು ಮಕ್ಕಳಿಗೆ ಹೇಳುವೆವೆಂಬುದು ಕೇವಲ ವಿನೋದದ ಮಾತಾಗಿ ಉಳಿಯುವುದಿಲ್ಲ.

ಈಗ ಸೊನ್ನಲಿಗೆಯ ಕಡೆಗೆ ತಿರುಗೋಣ. ಇಂದು ಮಹಾರಾಷ್ಟ್ರಕ್ಕೆ ಸೇರಿರುವ ಸೊಲ್ಲಾಪುರವೇ ಹಿಂದಣ ಸೊನ್ನಲಿಗೆ. ಅಲ್ಲಿನ ಮುದ್ದಗೌಡ, ಸುಗ್ಗವ್ವೆಯರ ಮಗನಾದ ಸಿದ್ಧರಾಮನ ಚರಿತೆಯನ್ನು ಹರಿಹರನ ಸೋದರಳಿಯನಾದ ರಾಘವಾಂಕನು ಷಟ್ಪದಿಯಲ್ಲಿ ಹಾಡಿರುವನು. ದನ ಕಾಯುವ ಹುಡುಗನ ಬಳಿಗೆ ಮಲ್ಲಯ್ಯನು ಜಂಗಮವೇಷದಿಂದ ಬಂದು ಉಣಲು ಬೇಡುತ್ತಾನೆ. ಹುಡುಗನು ಮನೆಗೆ ಓಡಿ ಅನ್ನವನ್ನು ತರುವಷ್ಟರಲ್ಲಿ ಜಂಗಮನು ಮಾಯವಾಗಿರುತ್ತಾನೆ. ಹುಡುಗನು ಮಲ್ಲಯ್ಯಾ ಮಲ್ಲಯ್ಯಾ ಎಂದು ಅಳುತ್ತ ಶ್ರೀಶೈಲದವರೆಗೂ ಹೋಗಿ, ಕಾಣದೆ, ಕಮರಿಗೆ ಹಾರಹೊರಟಾಗ ದೇವನು ಕೈಹಿಡಿಯುತ್ತಾನೆ. ಕನ್ನಡದ ಭಕ್ತಿಕಥೆಗಳಲ್ಲಿ ಇದಕ್ಕಿಂತ ಮುಗ್ಧವಾದುದು ಮತ್ತೊಂದಿರುವುದೆಂದು ನಮಗೆ ತೋರದು. ಆದರೆ ಕಥೆಯು ಅಲ್ಲಿಗೆ ನಿಲ್ಲದಿರುವುದೇ ಅದರ ಹೆಚ್ಚಳ. ದೇವರನ್ನು ಕಂಡ ಹುಡುಗನು ಗುಹೆಯನ್ನು ಸೇರಲಿಲ್ಲ. ಊರಿಗೆ ಹಿಂದಿರುಗಿ ಗುಡಿಗಳನ್ನು ಕಟ್ಟಿಸಿದನು, ಕೆರೆಯನ್ನು ಅಗೆಸಿದನು.

ಈ ಕೆರೆಯ ದಡಕ್ಕೇ ಅಲ್ಲಮಪ್ರಭುವು ಬಂದನೆಂದು ಮುಂದಿನ ಕವಿಗಳು ಹೇಳುವರು. ಅಲ್ಲಮನು ನಮ್ಮ ನೆರೆಯವನು. ಹೊನ್ನಾಳಿಯಾಚೆ, ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯು ಅವನ ಊರು. ಪ್ರೌಢದೇವರಾಯನ (೧೪೨೪–೧೪೪೬) ಕಾಲದ ಚಾಮರಸನ ಪ್ರಭುಲಿಂಗಲೀಲೆಯಲ್ಲಿಯೂ, ಶೂನ್ಯಸಂಪಾದನೆಗಳಲ್ಲಿಯೂ ಆ ಭೇಟಿಯ ವರ್ಣನೆಯಿದೆ. ಪ್ರಭುವು ಕೆರೆಯ ಕೆಲಸದವರನ್ನು ಕಂಡು, ನಿಮ್ಮ ಒಡ್ಡನೆಲ್ಲಿ ಎಂದು ಸಿದ್ಧರಾಮನನ್ನು ಹೀಗಳೆಯುತ್ತಾನೆ. ಕೆಲಸದವರು ಸಿಟ್ಟಾಗಿ ಕಲ್ಲುಗಳನ್ನು ಬೀರುತ್ತಾರೆ. ಸಿದ್ಧರಾಮನು ಬಂದು ಹಣೆಗಣ್ಣನ್ನು ತೆರೆಯುತ್ತಾನೆ. ಆ ಉರಿಯು ಪ್ರಭುವನ್ನು ಸೋಕುವುದಿಲ್ಲ. ಅಲ್ಲಿಂದ ಮುಂದೆ ಸಿದ್ಧರಾಮನು ಪ್ರಭುವಿನೊಡನೆ ಕಲ್ಯಾಣಕ್ಕೆ ಹೋಗುವನು; ಚೆನ್ನಬಸವಣ್ಣನಿಂದ ಅವನಿಗೆ ದೀಕ್ಷೆಯಾಗುವುದು.

ಪ್ರವಚನಕಾರರು ಈ ಪ್ರಸಂಗದಿಂದ ತೆಗೆಯುವ ಅರ್ಥವು ಪ್ರಸಿದ್ಧವಾದುದು. ಕೆರೆ ಗುಡಿಗಳು ಹೊರಗಿನ ಕರ್ಮ, ಅಂತರಂಗದ ಅರಿವು ಅದಕ್ಕಿಂತ ಹಿರಿದು ಎನ್ನುವರು. ಪ್ರಭುವಿನ ಅಭಿಪ್ರಾಯವು ಅಷ್ಟು ಸುಲಭವಾಗಿ ಮುಗಿಯುವುದೆಂದು ನಾವು ಒಪ್ಪಲಾರೆವು. ಅವನ ಕೆಣಕು ಕೆರೆಯನ್ನು ಕುರಿತುದಲ್ಲ. ಕಟ್ಟಿಸಿದೆನೆಂಬ ನೆನಪನ್ನು ಕುರಿತುದು. ಹಣೆಗಣ್ಣು ತೆರೆದಾಗ ಹೊರಬಿದ್ದ ಉರಿಯೇ ಆ ನೆನಪು ಇನ್ನೂ ಉಳಿದಿತ್ತೆಂಬುದಕ್ಕೆ ಸಾಕ್ಷಿ. ಕಲ್ಲೆಸೆದ ಕೆಲಸದವರ ವಿಷಯದಲ್ಲಿ ಒಂದು ಮಾತು: ತಮ್ಮ ಕಸುಬಿನ ಹೆಸರನ್ನೇ ಬೈಗುಳವಾಗಿ ಕೇಳಿದವರು ಸಿಟ್ಟಾದುದು ಸಹಜ. ಪುರಾಣವು ಅವರ ಪರವಾಗಿ ಏನನ್ನೂ ಹೇಳದಿದ್ದರೂ ನಾವು ಹೇಳಬಹುದು.

ಸೊನ್ನಲಿಗೆಯ ಕೆರೆಯನ್ನಂತೂ ಯಾರೂ ಒಡೆಯಲಿಲ್ಲ. ಸಿದ್ಧೇಶ್ವರನ ಗುಡಿಯು ಇಂದಿಗೂ ಆ ನೀರಿನ ನಡುವೆಯೇ ಇದೆ. ಅಲ್ಲಿ ಮಕರಸಂಕ್ರಾಂತಿಯ ಜಾತ್ರೆಯಲ್ಲಿ ಒಂದು ಮದುವೆ ನಡೆಯುವುದುಂಟು. ಕುಂಬಾರರ ಕನ್ಯೆಯೊಬ್ಬಳು ಸಿದ್ಧರಾಮನನ್ನೇ ವರಿಸುವೆನೆಂದು ಹಟ ಹಿಡಿಯಲು, ಅವನು ತನ್ನ ಯೋಗದಂಡದೊಡನೆ ಆಕೆಯ ಲಗ್ನವನ್ನು ನೆರವೇರಿಸಿದನೆಂದು ಐತಿಹ್ಯ. ಸಿದ್ಧನಿಗೆ ಮನಸೋತ ಹೆಣ್ಣು, ಮಗ್ಗುಲಲ್ಲಿ ಕೆರೆ, ದಡದಲ್ಲಿ ಸಿದ್ಧೇಶ್ವರ: ನಮ್ಮ ಶಾಂತವ್ವನ ಕಥೆಯೊಡನೆ ಇದನ್ನಿಟ್ಟು ನೋಡಿದವರಿಗೆ ಹೋಲಿಕೆಯು ತಾನಾಗಿ ಕಾಣುವುದು. ಒಂದರಿಂದ ಇನ್ನೊಂದು ಹುಟ್ಟಿತೆಂದು ನಮ್ಮ ವಾದವಲ್ಲ. ವ್ಯತ್ಯಾಸವು ಎಲ್ಲಿಯೆಂದರೆ, ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿದವನು ಸಿದ್ಧನು. ನಮ್ಮಲ್ಲಿ ಕಟ್ಟಿಸಿದವಳು ಒಲಿದ ಹೆಣ್ಣು, ನೆಲ ಕೊಟ್ಟವರೂ ಹೆಣ್ಣುಗಳೇ.

ಕೆರೆಯ ಬಳಿಯಲ್ಲಿ ಶೈವರು ನೆಲಸಿದುದು ಈ ನಾಡಿಗೆ ಹೊಸತೇನೂ ಅಲ್ಲ. ಬಳ್ಳಿಗಾವೆಯ ಕೇದಾರೇಶ್ವರನ ಸನ್ನಿಧಿಯ ಕಾಳಾಮುಖ ಮಠಕ್ಕೆ ಕೋಡಿಯ ಮಠವೆಂದೇ ಹೆಸರು. ಕೋಡಿಯೆಂದರೆ ತುಂಬಿದ ಕೆರೆಯ ಹೆಚ್ಚುವರಿ ನೀರು ಹರಿದುಹೋಗುವ ತಾವು. ಕ್ರಿ. ಶ. ೧೧೬೨ರ ಶಾಸನವೊಂದು ಈ ಮಠವನ್ನು ವೇದ, ವ್ಯಾಕರಣ, ದರ್ಶನ, ಕಾವ್ಯ, ನಾಟಕಗಳ ಪಾಠಸ್ಥಾನವೆಂದು ಹೊಗಳಿ, ದೀನರಿಗೂ ಕುಂಟರಿಗೂ ಕುರುಡರಿಗೂ ಕಿವುಡರಿಗೂ ಅಲ್ಲಿ ಅನ್ನವುಂಟೆಂದೂ ರೋಗಿಗಳಿಗೆ ಚಿಕಿತ್ಸೆಯುಂಟೆಂದೂ ಹೇಳುವುದು. ಅಲ್ಲಮನು ಬೆಳೆದುದು ಇಂಥ ಊರಿನಲ್ಲಿ. ಪರೋಪಕಾರದ ಬೆಲೆಯನ್ನು ತಿಳಿಯದೆ ಅವನು ಸೊನ್ನಲಿಗೆಯಲ್ಲಿ ಮಾತಾಡಿದನೆಂದು ಹೇಳುವುದು ಕಷ್ಟ.

ಇನ್ನು ಹೆಸರಿನ ವಿಷಯ. ಇತ್ತೀಚೆಗೆ ನಮ್ಮ ಕೆರೆಯನ್ನು ಶಾಂತಿಸಾಗರವೆಂದು ಕರೆಯುವುದು ರೂಢಿಗೆ ಬಂದಿದೆ. ಶಾಂತವ್ವನ ನೆನಪಿಗಾಗಿಯಾದರೆ ಅದು ಒಳ್ಳೆಯದೇ. ಹಳೆಯ ಹೆಸರು ಸಭ್ಯರ ಮನೆಯಲ್ಲಿ ಆಡಬಾರದುದೆಂಬ ನಾಚಿಕೆಯಿಂದಾದರೆ ಒಪ್ಪತಕ್ಕುದಲ್ಲ. ಶರಣರ ಗಣದಲ್ಲಿ ಸೂಳೆ ಸಂಕವ್ವೆಯೆಂಬಾಕೆ ಇದ್ದಳು. ಆಕೆಯ ವಚನವೊಂದೇ ನಮಗೆ ಉಳಿದಿದೆ; ಅಂಕಿತ ನಿರ್ಲಜ್ಜೇಶ್ವರ. ಆಕೆಯ ವಚನವನ್ನು ಕಾಪಾಡಿಕೊಂಡು ಬಂದ ಹಿಂದಿನವರು ಆ ಮೊದಲ ಮಾತನ್ನು ಅಳಿಸಲಿಲ್ಲ. ಕಥೆಯ ಪ್ರಕಾರ ನೆಲವನ್ನು ಬಿಟ್ಟುಕೊಟ್ಟ ಹೆಂಗಸರು ಹೊಲ ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಚಿತ್ರದುರ್ಗದ ಪಟ್ಟಣವೂ ಇಲ್ಲಿಯ ನೀರನ್ನು ಕುಡಿಯುತ್ತಿರುವಾಗ, ಅವರು ಕೇಳಿದುದಷ್ಟನ್ನು ಹಿಂದಕ್ಕೆ ತೆಗೆದುಕೊಳ್ಳುವ ಅಧಿಕಾರವು ಯಾರಿಗಿದೆ?

ಏರಿಯ ಸುತ್ತಣ ಹಳ್ಳಿಗಳಲ್ಲಿ ಈ ಕಥೆಯನ್ನು ಬೇರೆ ಬೇರೆಯಾಗಿ ಹೇಳುವ ಹಿರಿಯರಿರುವರು. ಗ್ರಂಥಗಳಿಗೆ ಬಂದಿರುವುದು ಒಂದೆರಡು ಪಾಠಗಳು ಮಾತ್ರ. ವಾಚಕರಲ್ಲಿ ಆ ಕಡೆಯವರು ತಮ್ಮ ಮನೆಯ ಅಜ್ಜಿಯರು ಶಾಂತವ್ವನನ್ನೂ ಆ ಹೆಂಗಸರನ್ನೂ ಕುರಿತು ಹೇಳುವುದನ್ನು, ಹೇಳಿದ ಮಾತಿನಲ್ಲಿಯೇ, ತಿದ್ದದೆ ಬರೆದಿಟ್ಟುಕೊಳ್ಳಬೇಕೆಂದು ಕೋರುವೆವು.